ಮನೆಯ ಮೂಗು

ಕಿತ್ತಳೆಯ ಸಿಪ್ಪೆಗೆ ಉಗುರು ಚುಚ್ಚಿ ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಏನೂ ಇಲ್ಲ. ಇನ್ನೊಮ್ಮೆ ಚುಚ್ಚಿ, ಸಿಪ್ಪೆಯ ರಸ ಕಣ್ಣಿಗೆ ಚಿಮ್ಮುವಷ್ಟು ಹತ್ತಿರ ತಂದಳು. ಕಣ್ಣು ಉರಿಯಿತು, ನೀರೂ ಬಂತು. ವಾಸನೆ ಮಾತ್ರ ಬರಲಿಲ್ಲ. ಚಳಿಗಾಲದ ಜ್ವರ ಮನೆ ಬಿಟ್ಟು ಹೋಗುವಾಗ ಕೆಮ್ಮು, ಸುಸ್ತು ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು, ಆ ಗಂಟಿನಲ್ಲಿ ಇದೂ ಸೇರಿಹೋಗಿತ್ತು. ತಾನಾಗಿಯೇ ವಾಪಸು ಬರುತ್ತದೆ ಎಂದು ಅವಳು ಕಾದಳು. ಈಗ ಕಿಟಕಿ ತೆರೆದಿಟ್ಟು ಮಲಗುವ ಕಾಲ ಬಂದರೂ ಬಂದಿರಲಿಲ್ಲ. ನನ್ನ ಮೂಗು ಸತ್ತುಹೋಗಿದೆ, ಎಂದು ಅವಳು ಮನಸ್ಸಿನಲ್ಲೇ ಒಪ್ಪಿಕೊಂಡಳು. ಇದನ್ನು ಯಾರಿಗೂ ಹೇಳುವ ಹಾಗಿಲ್ಲ.

ಬೇರೆ ಮನೆಯಾಗಿದ್ದರೆ ಇದನ್ನು ಊಟಕ್ಕೆ ಕೂತಾಗ ಹೇಳಿ, ಎಲ್ಲರ ಕೈಲಿ ಅಯ್ಯೋ ಪಾಪ ಅನ್ನಿಸಿಕೊಂಡು ಮುಗಿಸಬಹುದಿತ್ತು. ಈ ಮನೆಯಲ್ಲಿ ಮೂಗು ಅಂದರೆ ಅವಳೇ. ಅಮ್ಮ ಮುಂದಿನ ಕೋಣೆಯಲ್ಲಿ ಯಂತ್ರ ಹಾಕಿಕೊಂಡು ಜನರ ಮನೆಗಳಿಗೆ ಪರದೆ ಹೊಲಿದುಕೊಡುತ್ತಿದ್ದಳು. ಬಟ್ಟೆಯ ಧೂಳು ಕುಡಿದು ಕುಡಿದು ಅವಳ ಮೂಗು ವರ್ಷವಿಡೀ ಕಟ್ಟಿರುತ್ತಿತ್ತು. ಸಿಟಿ ಬಸ್ಸಿನ ಡ್ರೈವರಾದ ಅಪ್ಪನಿಗೆ ಏನು ಕೊಟ್ಟರೂ ಚೆನ್ನಾಗಿದೆ. ಅಪ್ಪನ ತಾಯಿ ಅಜ್ಜಿಗೆ ಏನು ಕೊಟ್ಟರೂ ಹಳಸಿದೆ. ಲಿಫ್ಟ್ ರಿಪೇರಿ ಮಾಡುವ ಅಣ್ಣ ಮದುವೆಯಾದ ಮೇಲೆ ಹೆಂಡತಿಯ ಮುಖ ನೋಡದೆ ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿರಲಿಲ್ಲ. ಹಾಗಾಗಿ ಹಾಲು ಒಡೆದಿದೆಯೋ, ನಿನ್ನೆಯ ಮೀನು ಇವತ್ತಿಗೆ ನಡೆಯುತ್ತದೋ ಎಂದು ತೀರ್ಮಾನಿಸಲು ಎಲ್ಲರೂ ಕರೆಯುತ್ತಿದ್ದುದು ಕಿರಿ ಮಗಳನ್ನು. ಚಿಕ್ಕಂದಿನಲ್ಲಿ ಬ್ರೆಡ್ಡಿನ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿಯೇ ತಿನ್ನುತ್ತಿದ್ದಳೆಂದು ಅಜ್ಜಿ ಇಟ್ಟ ಹೆಸರು ಅಳಿಲು. ಬೀರುವಿನ ಹಿಂದೆ ವಯರು ಸುಡುತ್ತಿದ್ದುದನ್ನು ಹೊಗೆ ಏಳುವ ಮೊದಲೇ ಅಳಿಲು ಕಂಡುಹಿಡಿದ ಕಥೆಯನ್ನು ಅಮ್ಮ ಪರದೆ ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಳು.

ಡಿಗ್ರಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಯಾರಾದರೂ ಮನೆಗೆ ಬಂದರೆ ಅವಳು ಒಳಕೋಣೆಯಲ್ಲಿ ಡೈರಿ ಬರೆಯುತ್ತ ಕೂರುತ್ತಿದ್ದಳು. ಊಟದ ಮೇಜಿನಲ್ಲಿ ಅವಳ ಮಾತಿಗೆ ಜಾಗ ಬೇಕೆಂದು ಯಾರೂ ತಿಳಿದಿರಲಿಲ್ಲ, ಅವಳೂ ಕೇಳಿರಲಿಲ್ಲ. ಮನೆಯಲ್ಲಿ ಅವಳಿಗಿದ್ದ ಹುದ್ದೆ ಮೂಗಿನದೊಂದೇ.

ಅಪ್ಪ ನಿವೃತ್ತನಾಗುವ ದಿನ ಹತ್ತಿರ ಬಂದಿತ್ತು. ಒಂದು ಸಂಜೆ ಸೂಪು ಕುಡಿಯುತ್ತ, ಮಾತು ಕಮ್ಮಿಯ ಆ ಮನುಷ್ಯ ತನಗೊಂದು ಆಸೆ ಇದೆ ಎಂದ. ಎಲ್ಲರೂ ಚಮಚ ಕೆಳಗಿಟ್ಟರು. ಅವನ ದಾರಿಯಲ್ಲಿ ಒಂದು ಸಿಗ್ನಲ್ ಇತ್ತಂತೆ, ಪಕ್ಕದಲ್ಲೇ ಒಂದು ರೆಸ್ಟೋರೆಂಟು. ಭಾನುವಾರ ಬೆಳಿಗ್ಗೆ ಜನ ಹೊರಗೆ ಬಿಸಿಲಿಗೆ ಕೂತು, ಉದ್ದನೆಯ ಗಾಜಿನ ಲೋಟದಲ್ಲಿ ಕಿತ್ತಳೆ ಬಣ್ಣದ್ದೇನನ್ನೋ ನಿಧಾನವಾಗಿ ಕುಡಿಯುತ್ತಿದ್ದರು. ಯಾರಿಗೂ ಎಲ್ಲಿಗೂ ಹೋಗುವ ಆತುರವಿರಲಿಲ್ಲ. ಕೆಂಪು ದೀಪ ಆರುವವರೆಗೆ ಅವರನ್ನು ನೋಡುವುದು, ಹಸಿರು ಬಂದರೆ ಗೇರು ಹಾಕಿ ಹೊರಡುವುದು, ಇಷ್ಟು ವರ್ಷವೂ ಆಗಿದ್ದು ಇಷ್ಟೇ. ನಿವೃತ್ತನಾದ ಮೊದಲ ಭಾನುವಾರ ಡಿಪೋದ ನಾಲ್ಕು ಜನ ಸ್ನೇಹಿತರನ್ನು ಕರೆದು, ಮನೆಯಲ್ಲೇ ಹಾಗೆ ಕೂರಬೇಕು ಅಂತ ಅವನಿಗೆ.

"ಅದು ಮಿಮೋಸಾ, ಮಾವ," ಎಂದಳು ಅತ್ತಿಗೆ. "ಗುಳ್ಳೆ ಏಳೋ ವೈನಿಗೆ ಕಿತ್ತಳೆ ರಸ ಹಾಕೋದು. ಮನೇಲೇ ಮಾಡಬಹುದು."

"ಬೆಳಿಗ್ಗೆ ಎದ್ದು ಕುಡಿಯೋರನ್ನ ಏನಂತಾರೆ ಗೊತ್ತಾ?" ಎಂದಳು ಅಮ್ಮ.

"ನಿವೃತ್ತರು ಅಂತಾರೆ," ಎಂದಳು ಅಜ್ಜಿ.

ಅಪ್ಪ ನಕ್ಕುಬಿಟ್ಟ. ಅಪ್ಪ ನಕ್ಕಿದ್ದು ಅಪರೂಪವಾದ್ದರಿಂದ ಅಮ್ಮ ಮುಂದೆ ಮಾತಾಡಲಿಲ್ಲ. ಆದರೆ ತನ್ನ ಮನೆಯಲ್ಲಿ ನಡೆಯುವುದು ತನ್ನ ಕೈಯಿಂದಲೇ ನಡೆಯಬೇಕು ಅನ್ನುವುದು ಅವಳ ಮುಖದಲ್ಲೇ ಬರೆದಿತ್ತು.

ಅತ್ತಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದಳು. ಓದುವ ಕಾಲದಲ್ಲಿ ರಜೆಗಳಲ್ಲಿ ಹೋಟೆಲೊಂದರಲ್ಲಿ ಬಡಿಸಿದವಳು. ಆ ಶನಿವಾರ ಅಳಿಲನ್ನು ಜೊತೆಗೆ ಕರೆದುಕೊಂಡು ವೈನ್ ಅಂಗಡಿಗೆ ಹೋದಳು. ಗೋಡೆಯುದ್ದ ಬಾಟಲಿಗಳಿದ್ದವು. ಅತ್ತಿಗೆ ಚೀಟಿಗಳನ್ನು ಒಂದೊಂದಾಗಿ ಓದಿ ಹೇಳತೊಡಗಿದಳು. ಬ್ರೂಟ್ ಅಂತಿದ್ದರೆ ಸಕ್ಕರೆ ಕಮ್ಮಿ, ರಸ ಬೆರೆಸುವುದಕ್ಕೆ ಅದೇ ಸರಿ. ಎಕ್ಸ್‌ಟ್ರಾ ಡ್ರೈ ಅಂತ ಬರೆದಿದ್ದರೆ ಮೋಸಹೋಗಬಾರದು, ಅದು ಬ್ರೂಟಿಗಿಂತ ಒಂದಿಷ್ಟು ಸಿಹಿಯೇ. ಡೆಮಿ ಸೆಕ್ ಅಂದರೆ ಪೂರ್ತಿ ಸಿಹಿ, ಅದಕ್ಕೆ ಕಿತ್ತಳೆ ಹಾಕಿದರೆ ಕೆಮ್ಮಿನ ಔಷಧಿ. ದುಬಾರಿ ಬಾಟಲಿ ತಂದು ರಸದಲ್ಲಿ ಮುಳುಗಿಸುವುದು ದಡ್ಡತನ, ತೀರಾ ಅಗ್ಗದ್ದು ತಲೆನೋವು. ಕೊನೆಗೆ ನಡುವಿನ ಸಾಲಿನಿಂದ ಒಂದು ಬ್ರೂಟ್ ಎತ್ತಿಕೊಂಡಳು. ದಾರಿಯಲ್ಲಿ ಬಾಟಲಿಯನ್ನು ಮಗುವಿನ ಹಾಗೆ ತೋಳಲ್ಲಿ ಹಿಡಿದು, ಇಷ್ಟು ದಿನಕ್ಕೆ ಈ ಮನೆಯಲ್ಲಿ ನನಗೆ ಗೊತ್ತಿರೋದೊಂದು ಸಿಕ್ಕಿತು ನೋಡು ಎಂದಳು. ಅಳಿಲು ನಕ್ಕಳು. ಅತ್ತಿಗೆಯ ಜೊತೆ ನಡೆಯುವುದು ಅವಳಿಗೆ ಇಷ್ಟವಾಗುತ್ತಿತ್ತು. ಏನಾದರೂ ಮಾತಾಡು ಎಂದು ಅತ್ತಿಗೆ ಪೀಡಿಸುತ್ತಿರಲಿಲ್ಲ.

ಮನೆಗೆ ಬಂದರೆ ಅಮ್ಮ ಆಗಲೇ ಅಣ್ಣನ ಕೈಲಿ ಇನ್ನೊಂದು ಬಾಟಲಿ ತರಿಸಿಟ್ಟಿದ್ದಳು. ಡೆಮಿ ಸೆಕ್.

ಮರುದಿನ ಬೆಳಿಗ್ಗೆ ಪರೀಕ್ಷೆ. ಅತ್ತಿಗೆ ಮುಚ್ಚಳವನ್ನು ಬಟ್ಟೆಯಿಂದ ಬಿಗಿಯಾಗಿ ಹಿಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಿದಳು. ಸಿಡಿಯುವುದೆಂದು ಕಿವಿ ಮುಚ್ಚಿಕೊಂಡಿದ್ದ ಅಜ್ಜಿಗೆ ನಿಟ್ಟುಸಿರಿನಷ್ಟು ಸದ್ದೂ ಕೇಳದೆ ನಿರಾಸೆಯಾಯಿತು. ಲೋಟ ಓರೆ ಮಾಡಿ ಮೊದಲು ವೈನ್, ಆಮೇಲೆ ಅದರ ಮೇಲೆ ರಸ. ಚಮಚದಲ್ಲಿ ಕಲಕಬಾರದು, ಕಲಕಿದರೆ ಗುಳ್ಳೆ ಸಾಯುತ್ತದೆ. ಅಮ್ಮ ತನ್ನ ಬಾಟಲಿಯದ್ದನ್ನು ತಾನೇ ಮಾಡಿದಳು, ಮೊದಲು ರಸ, ಮೇಲೆ ವೈನ್. ನೊರೆ ಉಕ್ಕಿ ಮೇಜಿನ ಬಟ್ಟೆಯೆಲ್ಲ ಒದ್ದೆಯಾಯಿತು. ಎರಡೂ ಲೋಟ ಅಪ್ಪನ ಕೈದಾಟಿ ಬಂದವು. ಎರಡೂ ಚೆನ್ನಾಗಿವೆ ಎಂದ ಅಪ್ಪ.

"ಅಳಿಲು ಹೇಳಲಿ," ಎಂದಳು ಅಮ್ಮ.

ಅಳಿಲು ಒಂದನ್ನು ಮೂಸಿದಳು, ಇನ್ನೊಂದನ್ನು ಮೂಸಿದಳು. ಮೊದಲನೆಯದು ನಾಲಿಗೆಗೆ ಚುಚ್ಚಿತು, ಎರಡನೆಯದು ಸಿಹಿ, ಅಷ್ಟೇ. ಅವಳು ತಲೆಯೆತ್ತಿದರೆ ಎದುರಿಗೆ ಅಮ್ಮನ ಮುಖ, ಪರೀಕ್ಷೆ ಬರೆದ ಮಕ್ಕಳ ಹಾಗೆ. ಇದು, ಎಂದು ಅಮ್ಮನ ಲೋಟ ಮುಂದೆ ತಳ್ಳಿದಳು.

ಅಮ್ಮ ಸೊಸೆಯ ಕಡೆ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ. ಅತ್ತಿಗೆ ಬ್ರೂಟ್ ಬಾಟಲಿಗೆ ಬಿಗಿಯಾಗಿ ಬಿರಡೆ ಒತ್ತಿ ಫ್ರಿಜ್ಜಿನಲ್ಲಿಟ್ಟು, ಮೇಜು ಒರೆಸಿದಳು.

ಅಲ್ಲಿಗೇ ನಿಂತಿದ್ದರೆ ಸರಿಹೋಗುತ್ತಿತ್ತು. ಆದರೆ ಅಮ್ಮನಿಗೆ ಆ ತೀರ್ಪಿನ ರುಚಿ ಹತ್ತಿತು. ಆ ವಾರ ಅತ್ತಿಗೆ ಮಾಡಿದ ಸೂಪಿನಲ್ಲಿ ಏನೋ ಕಮ್ಮಿ ಅನ್ನಿಸಿದಾಗ ಅಳಿಲನ್ನು ಕರೆದಳು. ಅತ್ತಿಗೆ ಒಗೆದ ಹಾಸಿಗೆಬಟ್ಟೆ ಮುಗ್ಗಲು ನಾರುತ್ತದೆಯೋ ಇಲ್ಲವೋ, ಅತ್ತಿಗೆ ತಂದ ಬೆಣ್ಣೆ ಹಳೆಯದೋ, ಎಲ್ಲಕ್ಕೂ ಅಳಿಲು ಬರಬೇಕು. ಅಳಿಲು ಬರುತ್ತಿದ್ದಳು, ಮೂಸುತ್ತಿದ್ದಳು, ಅಮ್ಮನ ಹುಬ್ಬು ಎತ್ತ ಹೋಗುತ್ತದೆ ಎಂದು ನೋಡಿ ತಾನೂ ಅತ್ತ ಹೋಗುತ್ತಿದ್ದಳು. ಪ್ರತಿಸಲವೂ ಇದೊಂದೇ ಸಲ ಅಂದುಕೊಳ್ಳುತ್ತಿದ್ದಳು. ಅತ್ತಿಗೆ ಒಂದು ಸಲವೂ ಎದುರಾಡಲಿಲ್ಲ. ಒಂದು ದಿನ ಒಲೆಯ ಹತ್ತಿರ ಬರುವುದನ್ನೇ ಬಿಟ್ಟಳು. ಕ್ಲಿನಿಕ್ಕಿನಿಂದ ಬರುವಾಗಲೇ ದಾರಿಯಲ್ಲಿ ತಿಂದು ಬಂದೆ ಎನ್ನತೊಡಗಿದಳು.

ಅಣ್ಣ ಮೊದಲು ಮುಖ ಊದಿಸಿಕೊಂಡು ಓಡಾಡಿದ. ಆಮೇಲೆ ಒಂದು ಸಂಜೆ ಅಮ್ಮ ಪರದೆಗೆ ಅಂಚು ಹೊಲಿಯುತ್ತಿದ್ದಾಗ ಯಂತ್ರದ ಸದ್ದಿನ ಮೇಲೆಯೇ, ಲಾಂಡ್ರಿಯ ಮಹಡಿಯಲ್ಲಿ ಎರಡು ಕೋಣೆ ಖಾಲಿ ಇವೆ, ನೋಡಿಕೊಂಡು ಬಂದೆ ಎಂದ. ಯಂತ್ರ ನಿಂತಿತು.

"ಯಾಕೆ, ಈ ಮನೆ ಚಿಕ್ಕದಾಯ್ತಾ?"

"ಮನೆ ಚಿಕ್ಕದಾಗಿಲ್ಲಮ್ಮ. ಅವಳಿಗೆ ಅಡುಗೆಮನೇಲಿ ನಿಲ್ಲೋಕೆ ಜಾಗ ಇಲ್ಲ, ಅಷ್ಟೇ."

"ನಾನೇನು ಬಾಗಿಲು ಹಾಕಿದ್ನಾ? ಸೂಪು ಚೆನ್ನಾಗಿಲ್ಲ ಅಂತ ನಾನು ಹೇಳಿದ್ನಾ? ಅಳಿಲು ಹೇಳಿದ್ದು."

"ಅದೇ ಅವಳಿಗೆ ನೋವು," ಎಂದ ಅಣ್ಣ. "ನೀನು ಹೇಳಿದ್ರೆ ಅತ್ತೆ ಹೇಳಿದ್ರು ಅಂತ ಸುಮ್ಮನಾಗ್ತಿದ್ಳು. ಅಳಿಲಿಗೆ ಅವಳ ಮೇಲೆ ಯಾವ ಸಿಟ್ಟೂ ಇಲ್ಲವಲ್ಲ. ಹಾಗಾಗಿ ನಿಜ ಅಂದ್ಕೊಂಡಿದಾಳೆ. ನನ್ನ ಕೈಯಲ್ಲಿ ಏನೂ ಬರಲ್ಲ ಅಂತಾಳೆ."

ಒಳಕೋಣೆಯಲ್ಲಿ ಡೈರಿ ತೆರೆದು ಕೂತಿದ್ದ ಅಳಿಲಿಗೆ ಪ್ರತಿ ಅಕ್ಷರವೂ ಕೇಳಿಸಿತು. ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಈಗ ಎದ್ದು ಹೋಗಿ ಒಂದು ಮಾತು ಹೇಳಿದರೆ ಲಾಂಡ್ರಿಯ ಮಹಡಿ ಖಾಲಿಯಾಗಿಯೇ ಉಳಿಯುತ್ತದೆ. ಹೇಳಿದ ಮೇಲೆ ಈ ಮನೆಯಲ್ಲಿ ಅವಳನ್ನು ಯಾರು, ಯಾತಕ್ಕೆ ಕರೆಯುತ್ತಾರೆ? ಅವಳು ಏಳಲಿಲ್ಲ.

ಅಪ್ಪ ಡಿಪೋಗೆ ಕೊನೆಯ ಸಲ ಬೀಗದಕೈ ಒಪ್ಪಿಸಿ ಬಂದ ವಾರವದು. ಮಧ್ಯಾಹ್ನ ಮನೆಯಲ್ಲಿ ಅಜ್ಜಿ ಮಲಗಿದ್ದಳು, ಅಪ್ಪ ಪೇಟೆಗೆ ಹೋಗಿದ್ದ, ಅಮ್ಮ ಪರದೆ ತಗುಲಿಸಲು ಯಾರದೋ ಮನೆಗೆ ಹೋಗಿದ್ದಳು. ಅಳಿಲು ಒಲೆಯ ಮೇಲೆ ಆಲೂಗಡ್ಡೆ ಇಟ್ಟು, ಅದಕ್ಕೆ ಬೆನ್ನು ಹಾಕಿ ಮೇಜಿನ ಹತ್ತಿರ ಬೀನ್ಸ್ ಮುರಿಯುತ್ತಿದ್ದಳು. ಕ್ಲಿನಿಕ್ಕಿನಿಂದ ಬೇಗ ಬಂದ ಅತ್ತಿಗೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಓಡಿಬಂದು ಒಲೆ ಆರಿಸಿದಳು. ಪಾತ್ರೆಯ ತಳ ಕರಿಯ ಇದ್ದಿಲಾಗಿತ್ತು.

ಅತ್ತಿಗೆ ಬೈಯಲಿಲ್ಲ. ಅಳಿಲಿನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಕಣ್ಣು ಮುಚ್ಚು ಎಂದಳು. ಕಪಾಟಿನಿಂದ ಏನೋ ತೆಗೆದು ಮುಚ್ಚಳ ತಿರುಗಿಸಿದ ಸದ್ದಾಯಿತು, ಅದನ್ನು ಅಳಿಲಿನ ಮೂಗಿನ ಕೆಳಗೆ ಹಿಡಿದಳು.

"ಏನಿದು?"

ಅಳಿಲು ಊಹಿಸಿ ವೆನಿಲ್ಲಾನಾ ಎಂದಳು. ಕಣ್ಣು ತೆರೆದರೆ ಅತ್ತಿಗೆಯ ಕೈಯಲ್ಲಿ ವಿನೆಗರ್ ಬಾಟಲಿ ಇತ್ತು.

"ಯಾವತ್ತಿಂದ?"

"ಜ್ವರ ಬಂದಾಗಿಂದ."

"ಹಾಗಾದ್ರೆ ನನ್ನ ಸೂಪು?"

ಅಳಿಲು ಬೀನ್ಸಿನ ನಾರು ಬಿಡಿಸತೊಡಗಿದಳು. ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತಳು. ಅವಳಿಗೆ ಸಿಟ್ಟು ಬಂದಿತ್ತು, ಅದು ಕತ್ತಿನವರೆಗೂ ಕೆಂಪಾಗಿ ಏರಿ ಕಾಣಿಸಿತು. ಏರಿದಷ್ಟೇ ನಿಧಾನವಾಗಿ ಇಳಿಯಿತು. ವಾಸನೆ ಇಲ್ಲದ ಮೇಲೆ ಊಟ ಹೇಗೆ ಸೇರುತ್ತದೆ, ತೂಕ ಇಳಿದಿದೆಯಲ್ಲ, ಡಾಕ್ಟರಿಗೆ ತೋರಿಸಿದೆಯಾ, ಎಂದೆಲ್ಲ ಕೇಳಿದಳು. ಇಲ್ಲ ಎಂದು ಅಳಿಲು ತಲೆಯಾಡಿಸುತ್ತ ಹೋದಳು. ಈ ಪ್ರಶ್ನೆಗಳನ್ನು ಯಾರೂ ಕೇಳಿಲ್ಲವೆಂದು ಇಷ್ಟು ದಿನ ಅವಳಿಗೇ ಹೊಳೆದಿರಲಿಲ್ಲ. ಅತ್ತೆ ಸಿಹಿಯನ್ನೇ ಯಾಕೆ ಹಿಡಿದಿದ್ದಾರೆ ಗೊತ್ತಾ ಎಂದು ಅತ್ತಿಗೆ ಕೇಳಿದಳು. ಧೂಳಿಗೆ ಅತ್ತೆಯ ಮೂಗೂ ಕಟ್ಟಿದೆ, ಪಾಪ, ನಾಲಿಗೆಗೆ ಸಿಗುವುದು ಅದೊಂದೇ. ನೀನು, ಅತ್ತೆ ಇಬ್ಬರೂ ಸೇರಿ ನನಗೆ ತೀರ್ಪು ಕೊಟ್ಟಿರಿ ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ಅಮ್ಮನಿಗೆ ಹೇಳ್ತೀರಾ?" ಎಂದಳು ಅಳಿಲು.

"ನಾನು ಹೇಳಿದ್ರೆ ಗೆಲ್ಲೋಕೆ ಹೇಳ್ದೆ ಅಂತಾರೆ. ಹೇಳೋದಾದ್ರೆ ನೀನೇ ಹೇಳಬೇಕು." ಅತ್ತಿಗೆ ಎದ್ದು ಸುಟ್ಟ ಪಾತ್ರೆಗೆ ನೀರು ಬಿಟ್ಟಳು. "ಹೇಳ್ದೆ ಇದ್ರೂ ನಾನೇನೂ ಅನ್ಕೊಳಲ್ಲ. ಹೇಗೂ ಸೋಮವಾರ ನಿಮ್ಮಣ್ಣ ಮುಂಗಡ ಕೊಟ್ಟು ಆ ಕೋಣೆಗೆ ಸಾಮಾನು ಸಾಗಿಸ್ತಾರೆ."

ಪಾತ್ರೆ ತಿಕ್ಕುವುದನ್ನು ಅವಳು ಅಳಿಲಿಗೆ ಬಿಡಲಿಲ್ಲ. ತಿಕ್ಕಿ ಮುಗಿಸಿ, ಅವತ್ತು ಉಳಿದಿದ್ದ ಬ್ರೂಟನ್ನು ಎರಡು ಲೋಟಕ್ಕೆ ಚೂರು ಚೂರು ಸುರಿದಳು. ಮೂಗು ಬೇಡ, ಕಿವಿ ಇಡು ಎಂದಳು. ಅಳಿಲು ಲೋಟವನ್ನು ಕಿವಿಗೆ ಹಿಡಿದಳು. ದೂರದಲ್ಲೆಲ್ಲೋ ಮಳೆ ಸಣ್ಣಗೆ ಶುರುವಾದ ಹಾಗೆ. ಬಿರಡೆ ಒತ್ತಿಟ್ಟು ಇಷ್ಟು ದಿನವಾದರೂ ಜೀವ ಇದೆ ಎಂದು ಅತ್ತಿಗೆ ಬಾಟಲಿಯ ಬೆನ್ನು ತಟ್ಟಿದಳು. ಕಿವಿಗೆ ಲೋಟ ಹಿಡಿದು ಕೂತ ಇಬ್ಬರನ್ನೂ ನಿದ್ದೆಯಿಂದೆದ್ದು ಬಂದ ಅಜ್ಜಿ ನೋಡಿ, ಫೋನು ಯಾರದ್ದು ಎಂದು ಕೇಳಿದಳು.

ಶನಿವಾರ ಅಮ್ಮ ಮನೆಯನ್ನು ತಲೆಕೆಳಗು ಮಾಡಿ ತೊಳೆದಳು. ಯಾರ ಮನೆಗೋ ಹೊಲಿದಿಟ್ಟ ಹೊಸ ಪರದೆಯನ್ನು ಒಂದು ದಿನದ ಮಟ್ಟಿಗೆ ತನ್ನದೇ ಕಿಟಕಿಗೆ ತಗುಲಿಸಿದಳು. ಸಿಹಿ ವೈನಿನ ಬಾಟಲಿಗಳು, ಮೊಟ್ಟೆ, ಚೀಸು ಎಲ್ಲ ತುಂಬಿ ಫ್ರಿಜ್ಜಿನಲ್ಲಿ ಕೈಯಿಡಲು ಜಾಗವಿರಲಿಲ್ಲ. ಬೆಳಿಗ್ಗೆ ಗಡಿಬಿಡಿ ಬೇಡವೆಂದು ಅವತ್ತೇ ಒಂದು ಬುಟ್ಟಿ ಕಿತ್ತಳೆ ಹಿಂಡಿ, ದೊಡ್ಡ ಪಾತ್ರೆಗೆ ಸೋಸಿ, ತಟ್ಟೆ ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹಿಂಡಿ ಹಿಂಡಿ ಅವಳ ಕೈ ಊದಿಕೊಂಡಿತ್ತು. ಅತ್ತಿಗೆ ಸಹಾಯಕ್ಕೆ ಬರಲೇ ಎಂದಾಗ ಬೇಡ, ನಿನಗೆ ಗಂಟು ಕಟ್ಟೋ ಕೆಲಸ ಇರುತ್ತಲ್ಲ ಎಂದಳು. ಹೇಳಿದ ಮೇಲೆ, ಹಿಂಡಿ ಮುಗಿದ ಸಿಪ್ಪೆಯನ್ನೇ ಮತ್ತೊಮ್ಮೆ ಹಿಂಡಿ, ಇನ್ನೊಂದು ಕಿತ್ತಳೆ ಎತ್ತಿಕೊಂಡಳು.

ಭಾನುವಾರ ಬಿಸಿಲು ಚೆನ್ನಾಗಿತ್ತು. ಡಿಪೋದ ಸ್ನೇಹಿತರು ಹೆಂಡತಿಯರೊಂದಿಗೆ ಬಂದರು. ಜೀವನವಿಡೀ ಸಮಯಕ್ಕೆ ಸರಿಯಾಗಿ ಹೊರಟವರು, ಹೇಳಿದ ಹೊತ್ತಿಗಿಂತ ಮೊದಲೇ ಬಂದು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯಲ್ಲಿ ಕೂತಿದ್ದ. ಸ್ಟೇರಿಂಗ್ ಬೇಕಾ ಎಂದು ಒಬ್ಬ ಅವನ ಕೈಗೆ ತಟ್ಟೆ ಕೊಟ್ಟ. ನಗು ಅಡುಗೆಮನೆಯವರೆಗೂ ಕೇಳಿಸಿತು.

ಅಡುಗೆಮನೆಯಲ್ಲಿ ತಂಪು ಲೋಟಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದುದು ಅತ್ತಿಗೆ, ಮೊಟ್ಟೆಗೆ ತಟ್ಟೆ ಜೋಡಿಸುತ್ತಿದ್ದುದು ಅಳಿಲು. ಅಮ್ಮ ರಸದ ಪಾತ್ರೆಯ ತಟ್ಟೆ ತೆಗೆದಳು. ಮೇಲೆ ತೆಳ್ಳಗೆ ನೊರೆ ಕಟ್ಟಿತ್ತು. ತಾಜಾ ಇದ್ದರೆ ಹೀಗೇ ನೊರೆ ಬರೋದು ಎಂದಳು.

ಪಕ್ಕದಲ್ಲಿದ್ದ ಅತ್ತಿಗೆಯ ಕೈ ಲೋಟದ ಮೇಲೆ ನಿಂತಿತು. ಅವಳು ಬಾಗಿ ನೋಡಿದಳು. ಮೂಗಿನ ಹೊಳ್ಳೆ ಒಮ್ಮೆ ಅರಳಿತು.

"ಅತ್ತೆ, ಇದು ಹುಳಿ ಹಿಡಿದಿದೆ ಅನ್ಸತ್ತೆ. ನಿನ್ನೆಯಿಂದ ಕಿಟಕೀಲಿ ಬಿಸಿಲಿಗಿತ್ತು."

ಅಮ್ಮ ತಿರುಗಲಿಲ್ಲ. ಊದಿದ ಬೆರಳುಗಳನ್ನು ಪಾತ್ರೆಯ ಅಂಚಿಗೆ ಒತ್ತಿ ಹಿಡಿದಿದ್ದಳು.

"ನಾನು ಮಾಡಿದ್ದು ನಿನಗೆ ಸರಿ ಅನ್ಸಿದ ದಿನ ಯಾವುದು ಹೇಳು. ನಾಳೆ ಹೊರಟಿದೀಯ, ಇವತ್ತೊಂದಿನ ತಡ್ಕೊ."

"ಹಾಗಲ್ಲ ಅತ್ತೆ, ಜನ ಕುಡಿಯೋದು."

"ಅಳಿಲು ಹೇಳಲಿ."

ಅಣ್ಣ ಬಾಟಲಿ ಕೇಳಲು ಬಂದವನು ಬಾಗಿಲಲ್ಲೇ ನಿಂತ. ಅಮ್ಮ ಒಂದು ಲೋಟಕ್ಕೆ ರಸ ಬಗ್ಗಿಸಿ ಅಳಿಲಿನ ಕೈಗಿತ್ತಳು. ಅಳಿಲು ಅದನ್ನು ಮೂಗಿನ ಹತ್ತಿರ ತಂದಳು, ಅಭ್ಯಾಸದಂತೆ. ಅತ್ತಿಗೆ ಅವಳ ಕಡೆ ನೋಡಲಿಲ್ಲ. ಕಣ್ಣಲ್ಲೊಂದು ಸನ್ನೆ ಮಾಡಬಹುದಿತ್ತು, ಒಂದು ಮಾತು ಹೇಳಿದ್ದರೆ ಇಡೀ ಮನೆ ಅವಳ ಕಡೆಗೆ ವಾಲುತ್ತಿತ್ತು. ಅವಳು ಬೆನ್ನು ತಿರುಗಿಸಿ, ಒರೆಸಿದ ಲೋಟವನ್ನೇ ಮತ್ತೆ ಒರೆಸತೊಡಗಿದಳು.

ಹೌದು, ಹಾಳಾಗಿದೆ ಎಂದುಬಿಡಬಹುದು ಎಂದು ಅಳಿಲಿಗೆ ಹೊಳೆಯಿತು. ಅತ್ತಿಗೆಯ ಮೂಗು ಸುಳ್ಳು ಹೇಳುವುದಿಲ್ಲ. ಹಾಗೆಂದರೆ ಬಂದವರ ಹೊಟ್ಟೆ ಉಳಿಯುತ್ತದೆ, ಅತ್ತಿಗೆಯ ಮಾತು ಉಳಿಯುತ್ತದೆ, ತನ್ನ ಹುದ್ದೆಯೂ ಉಳಿಯುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾಳೆ ಬೆಣ್ಣೆಗೆ, ನಾಡಿದ್ದು ಸೂಪಿಗೆ ಅಮ್ಮ ಮತ್ತೆ ಕರೆಯುತ್ತಾಳೆ. ಅಷ್ಟು ಹೊತ್ತಿಗೆ ಪಕ್ಕದಲ್ಲಿ ಅತ್ತಿಗೆ ಇರುವುದಿಲ್ಲ, ಅಷ್ಟೇ.

"ಏನೇ, ಬೇಗ ಹೇಳು," ಎಂದಳು ಅಮ್ಮ. "ಹೊರಗೆ ಕಾಯ್ತಿದಾರೆ."

ಅಳಿಲು ಲೋಟವನ್ನು ಮೇಜಿನ ಮೇಲಿಟ್ಟಳು. ಇಷ್ಟು ಜನ ಒಟ್ಟಿಗೆ ತನ್ನ ಮಾತಿಗೆ ಕಾಯುತ್ತಿರುವಾಗ ಅವಳು ಬಾಯಿ ತೆರೆದದ್ದು ನೆನಪಿರಲಿಲ್ಲ.

"ನನಗೆ ವಾಸನೆನೇ ಬರಲ್ಲಮ್ಮ, ಜ್ವರದಿಂದ ಈಚೆಗೆ," ಎಂದಳು. "ಇಷ್ಟು ದಿನ ನಿನ್ನ ಮುಖ ನೋಡ್ಕೊಂಡು ಹೇಳ್ತಿದ್ದೆ."